ಎಡಗಡೆಯ ಹಾರ್ನ್

ಅಪ್ಪ,

ಹೋದ ಮಾಗಿಯಲ್ಲಿ ಒಬ್ಬ ಮನುಷ್ಯ ಶಿರಾದ ನಮ್ಮ ಮನೆ ಜಗಲಿಯ ಮೇಲೆ ಕೂತು, ನಾನು ಕೊಟ್ಟ ಕಾಫಿ ಕುಡಿಯುತ್ತಾ, ನಿನ್ನನ್ನು ದಡ್ಡ ಅಂದ. ಆ ಪದವನ್ನು ಬಳಸಲಿಲ್ಲ. ಬಳಸಿದ್ದರೆ ಎದ್ದು ಹೋಗಿ ಎನ್ನುವುದು ಸುಲಭವಿತ್ತು. ನಕ್ಕು, "ಪಾಪ, ಈ ಕಡೆ ಆಪರೇಟರ್‌ಗಳು ಏನು ಸಿಕ್ತೋ ಅದನ್ನ ಸಿಕ್ಕಿಸಿಬಿಡೋರು" ಅಂದ. ಪಾಪ ಎನ್ನುವವರಿಗೆ ಏನಂತ ತಿರುಗಿ ಹೇಳುವುದು?

ನೀನು ಆಪರೇಟರ್ ಆಗಿದ್ದ ಟಾಕೀಸು ಮುಚ್ಚಿದ ವಾರ ಆ ಎರಡು ಸ್ಪೀಕರುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಪರದೆಯ ಹಿಂದೆ ಎಡಕ್ಕೊಂದು ಬಲಕ್ಕೊಂದು ನಿಂತಿದ್ದವು. ಕೆಳಗೆ ಆಳೆತ್ತರದ ಮರದ ಪೆಟ್ಟಿಗೆ, ಅದರ ಮೇಲೆ ಅಗಲ ಬಾಯಿಯ ಕಬ್ಬಿಣದ ಹಾರ್ನ್. ಮಾಲೀಕರು ಕುರ್ಚಿ, ಫ್ಯಾನು, ಪ್ರೊಜೆಕ್ಟರು ಎಲ್ಲವನ್ನೂ ಮಾರಿ, ಇವನ್ನು ಕೊಳ್ಳುವವರಿಲ್ಲದೆ ನಿನಗೆ ಬಿಟ್ಟಿದ್ದರು. "ಈ ಎರಡು ಬೀರು ಎಲ್ಲಿಡ್ತೀಯ? ನನ್ನ ತಲೆ ಮ್ಯಾಲಾ?" ಎಂದು ಅವ್ವ ಕೇಳಿದಳು. ನೀನು ಹಿಂದಿನ ಕೋಣೆಯ ಬಾಗಿಲನ್ನೇ ಕಳಚಿ ಒಳಗೆ ಸಾಗಿಸಿದೆ. ಅವುಗಳ ಬೆನ್ನಿಗೆ 'ಎಡ', 'ಬಲ' ಎಂದು ನೀನೇ ಬಣ್ಣದಲ್ಲಿ ಬರೆದಿದ್ದೆ. ಒಂದೇ ದನಿ ಬರುವ ಎರಡು ಪೆಟ್ಟಿಗೆಗೆ ಎಡಬಲ ಯಾಕೆ ಎಂದು ನಾನು ಅವತ್ತೇ ಕೇಳಬೇಕಿತ್ತು.

ಒಂದು ಬೇಸಿಗೆ ರಜೆಯಲ್ಲಿ ನೀನು ಬಲಗಡೆಯ ಪೆಟ್ಟಿಗೆಯ ಬೆನ್ನು ಬಿಚ್ಚಿ ನನಗೆ ಕ್ರಾಸ್‌ಓವರ್ ತೋರಿಸಿದ್ದೆ. ಅಂಗೈ ಅಗಲದ ಹಲಗೆ, ಅದರ ಮೇಲೆ ತಾಮ್ರದ ಸುರುಳಿ, ಎಣ್ಣೆ ತುಂಬಿದ ತಗಡಿನ ಡಬ್ಬಿಯಂಥ ಕೆಪಾಸಿಟರ್. ದಪ್ಪ ದನಿ ಕೆಳಗಿನ ಪೆಟ್ಟಿಗೆಗೆ, ಸಣ್ಣ ದನಿ ಮೇಲಿನ ಹಾರ್ನ್‌ಗೆ, ವಿಂಗಡಿಸುವ ಕೆಲಸ ಈ ಹಲಗೆಯದು ಅಂದೆ. ಹಾರ್ನ್‌ನೊಳಗೆ ಈರುಳ್ಳಿ ಸಿಪ್ಪೆಯಷ್ಟು ತೆಳು ಪೊರೆ ಇರುತ್ತದೆ, ದಪ್ಪ ದನಿ ಅದರ ಮೇಲೆ ಬೀಳದ ಹಾಗೆ ತಡೆಯುವುದು ಕೆಪಾಸಿಟರ್ ಅಂದೆ. ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಅವತ್ತು. ಮಧುಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಲ್ಯಾಬು ನೋಡಿಕೊಳ್ಳುವ ಕೆಲಸ ನನಗೆ ಸಿಕ್ಕಿದ್ದಕ್ಕೂ ಆ ರಜೆಯೇ ಕಾರಣ ಎಂದುಕೊಂಡಿದ್ದೇನೆ. ಎಡಗಡೆಯ ಪೆಟ್ಟಿಗೆಯನ್ನು ಮಾತ್ರ ನೀನು ಬಿಚ್ಚಲಿಲ್ಲ. ನಾನೂ...

ಆ ಮನುಷ್ಯ ಅದನ್ನೇ ಮೊದಲು ಬಿಚ್ಚಿದ. ಹಳೆಯ ಟಾಕೀಸುಗಳ ಸಾಮಾನು ಸಂಗ್ರಹಿಸುವವನು. ಪಾವಗಡದಲ್ಲಿ ಒಂದು ಪ್ರೊಜೆಕ್ಟರ್ ನೋಡಿಕೊಂಡು ದಾರಿಯಲ್ಲಿ ಬಂದಿದ್ದ. ಹಿಂದಿನ ಕೋಣೆ ಸೋರುತ್ತಿದೆ, ಕೊಟ್ಟುಬಿಡು ಎಂದು ಅಣ್ಣ ಹೇಳಿದ್ದರಿಂದ ನಾನು ಒಪ್ಪಿದ್ದೆ. ಆಮೇಲೆ ಬಲಗಡೆಯದನ್ನೂ ಬಿಚ್ಚಿ, ಎರಡಕ್ಕೂ ಟಾರ್ಚು ಬಿಟ್ಟು ನೋಡಿ, "ಮೇಡಂ, ಇಲ್ಲಿ ಬನ್ನಿ, ಇದನ್ನ ನೋಡಿ" ಎಂದು ಕರೆದ. "ಬಲಗಡೆ ಕೆಪಾಸಿಟರ್ ಇಪ್ಪತ್ತು ಮೈಕ್ರೋಫ್ಯಾರಡ್ ಇದೆ. ಇಲ್ಲಿ ಹತ್ತೇ. ಸಾಲದ್ದಕ್ಕೆ ಮಧ್ಯೆ ಒಂದು ರೆಸಿಸ್ಟರ್ ಬೇರೆ ತುರುಕಿದಾರೆ. ಇಷ್ಟು ವರ್ಷ ಒಂದು ಕಿವಿ ಕಿವುಡಾಗಿ ಓಡಿದೆ ನಿಮ್ಮ ಟಾಕೀಸು!" ಅವನ ಫೋನು ಆಗಲೇ ವಿಡಿಯೋ ತೆಗೆಯುತ್ತಿತ್ತು. ಎರಡೂ ಕಡೆ ಒಂದೇ ಸಮ ಮಾಡಿಸಿ, ಹೊಸ ಕೆಪಾಸಿಟರ್ ಹಾಕಿಸಿಟ್ಟಿರಿ, ಆಮೇಲೆ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದ.

ಅವನು ನೆಟ್ಟಿಗೆ ಹಾಕಿದ ಆ ವಿಡಿಯೋವನ್ನು ನಾನು ನೋಡಿದ್ದು ಸ್ಟಾಫ್ ರೂಮಿನಲ್ಲಿ. ಗಣಿತದ ಮೇಷ್ಟ್ರು ಇನ್ನೊಬ್ಬರಿಗೆ ತೋರಿಸುತ್ತಿದ್ದರು. ಅದು ನಮ್ಮ ಮನೆಯೆಂದು ಅವರಿಗೆ ಗೊತ್ತಿಲ್ಲ. "ನೋಡ್ರೀ ನಮ್ಮೋರ ಕೈಚಳಕಾನ" ಎಂದು ನಕ್ಕರು. ನನ್ನ ಅಪ್ಪನ ಕೆಲಸ ಅದು ಎಂದು ಹೇಳಲು ಬಾಯಿ ತೆರೆದವಳು ಬ್ಯಾಗಿನಿಂದ ಪುಸ್ತಕ ತೆಗೆದು ಒಂದೇ ಪುಟವನ್ನು ಗಂಟೆ ಹೊಡೆಯುವವರೆಗೂ ಓದಿದೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಹೊಸ ಕೆಪಾಸಿಟರುಗಳನ್ನು ತರಿಸಿದೆ. ಹಳೆಯವು ಎಣ್ಣೆ ಸೋರಿ ಒಣಗಿದ್ದವು, ಬದಲಿಸಲೇಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಒಂದು ಭಾನುವಾರ ಬಾಗಿಲು ಹಾಕಿಕೊಂಡು ಎರಡೂ ಕಡೆ ಇಪ್ಪತ್ತನ್ನೇ ಬೆಸೆದೆ. ನಿನ್ನ ರೆಸಿಸ್ಟರನ್ನು ಕಿತ್ತು ಡಬ್ಬಿಯೊಂದಕ್ಕೆ ಹಾಕಿದೆ. ಆ ಮನುಷ್ಯ ನಿನ್ನ ಕೆಲಸ ನೋಡಿ ನಕ್ಕ, ಅಷ್ಟೇ. ನಾನು ನಿನ್ನ ತಪ್ಪನ್ನು ಯಾರಿಗೂ ಕಾಣದ ಹಾಗೆ ತಿದ್ದಿದೆ. ಯಾವುದು ಹೆಚ್ಚು ಅವಮಾನ? ನಾನು ಓದುವುದು ಹೆಚ್ಚಾಗಿ ಅನುವಾದದ ಕಾದಂಬರಿಗಳನ್ನು, ನಿನಗೆ ಗೊತ್ತು. ಎಲ್ಲಾದರೂ ಒಂದು ವಾಕ್ಯ ಎಡವಿದರೆ ಅನುವಾದಕರನ್ನು ದೂರಿ, ಮಾರ್ಜಿನ್ನಿನಲ್ಲಿ ಪೆನ್ಸಿಲಿನಿಂದ ತಿದ್ದುತ್ತೇನೆ. ಮೂಲದವರು ಬೇಕೆಂದೇ ಹಾಗೆ ಬರೆದಿರಬಹುದು ಎಂದು ಒಮ್ಮೆಯಾದರೂ ತಡೆದು ಯೋಚಿಸಿದ್ದಿಲ್ಲ. ನಿನ್ನ ಪೆಟ್ಟಿಗೆಗೂ ಅದೇ ಪೆನ್ಸಿಲು ಹಿಡಿದೆ.

ನಿನ್ನ ವರ್ಷದ ಕಾರ್ಯದ ದಿನ ಮಧ್ಯಾಹ್ನ, ಬಂದವರೆಲ್ಲ ಉಂಡಾದ ಮೇಲೆ, ಸ್ಪೀಕರುಗಳನ್ನು ನಡುಮನೆಗೆ ತರಿಸಿ ನೀನು ಬರೆದಿದ್ದಂತೆ ಎಡಬಲಕ್ಕೆ ನಿಲ್ಲಿಸಿ ಒಂದು ಹಳೆಯ ಸಿನಿಮಾ ಹಾಕಿದೆ. ಚಾಪೆಯ ಎಡತುದಿಗೆ ಲಕ್ಷ್ಮಕ್ಕ ಕೂತಿದ್ದಳು. ಟಾಕೀಸಿನಲ್ಲಿ ಹೆಂಗಸರ ಗೇಟು ಕಾಯುತ್ತಿದ್ದವಳು. ಈಗ ತಾವರೆಕೆರೆಯಲ್ಲಿ ಮಗಳ ಮನೆಯಲ್ಲಿದ್ದಾಳೆ, ನಿನ್ನ ಕಾರ್ಯಕ್ಕೆಂದೇ ಬಸ್ಸು ಹತ್ತಿ ಬಂದಿದ್ದಳು. ಎರಡು ಮಾತು ಬರುವುದರೊಳಗೆ ಕಿವಿ ಮುಚ್ಚಿಕೊಂಡಳು.

"ಅಯ್ಯೋ, ಯಾಕಮ್ಮ ಈ ಕಡೇದು ಇಂಗ್ ಕಿರುಚ್ಕಂತೈತೆ? ನಮ್ ಕಡೇದು ಇಂಗಿರ್ಲಿಲ್ಲ ಕಣಮ್ಮ."

"ನಿಮ್ಮ ಕಡೆ ಅಂದ್ರೆ?"

"ಹೆಂಗಸ್ರ ಕಡೆ. ಗೋಡೆ ಈಚೆ ನಾವು, ಆಚೆ ಗಂಡಸ್ರು. ನೀನು ನಿಮ್ಮವ್ವನ ಮಡ್ಲಾಗೆ ಕೂತ್ಕಂತಿದ್ದಲ್ಲ, ಮರ್ತೋಯ್ತಾ? ನಿಮ್ಮಪ್ಪ ನಮ್ ಕಡೆ ಹಾರನ್ ಗಂಟ್ಲು ಅಮುಕಿದ್ದ. ಅದ್ಯಾರು ಬುಡ್ಸಿದ್ದು?"

ನಾನೇ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಓದ್ದೋಳು ಅಂತೀವಿ" ಅಂದಳು. ಆಮೇಲೆ ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದಳು:

"ಮೊದ್ಲು ಹೆಂಗಿತ್ತು ಗೊತ್ತಾ? ಫೈಟು ಬಂತು ಅಂದ್ರೆ ಕೂಸ್ಗಳೆಲ್ಲ ಬೆಚ್ಚಿ ಬಿದ್ದು ಒಂದೇ ಸಮ ಅಳವು. ಆಚೆ ಕಡೆಯಿಂದ ಗಂಡಸ್ರು, 'ಲೇ ಲಕ್ಷ್ಮಕ್ಕ, ಆ ಸಂತೆನ ಆಚಿಕ್ ಹಾಕು' ಅನ್ನೋರು. ಮೇನೇಜರೂ ಅಂಗೇ ಹೇಳಿದ್ದ. ನಾನೇನ್ ಮಾಡ್ಲಿ? ಬ್ಯಾಟ್ರಿ ಬುಟ್ಟು ತಾಯಿನ ಎಬ್ಬಿಸಿ ಆಚಿಕ್ ಕಳಿಸ್ತಿದ್ದೆ. ಟಿಕೇಟ್ ತಗಂಡ್ ಬಂದೋಳು ವರಾಂಡದಾಗೆ ಗೋಡೆ ನೋಡ್ಕಂಡ್ ನಿಲ್ಬೇಕು. ನಿಮ್ಮವ್ವನ್ನೂ ಎಲ್ಡ್ ಸತಿ ಕಳಿಸಿದೀನಿ."

"ಅತ್ತದ್ದು ನಾನಾ, ಅಣ್ಣನಾ?"

"ಅದ್ಯಾರಿಗೆ ಗೊತ್ತಮ್ಮ, ಕತ್ಲಾಗೆ ಎಲ್ಲಾ ಕೂಸೂ ಒಂದೇ ತರ. ಒಂದಿನ ನಿಮ್ಮಪ್ಪ ನಾಗಣ್ಣ ಬಂದು, 'ಲಕ್ಷ್ಮಕ್ಕ, ಮಕ್ಳು ಯಾವ್ ಸದ್ದಿಗೆ ಏಳ್ತಾವೆ?' ಅಂತ ಕೇಳ್ದ. ಹೇಳ್ದೆ. ಆಮ್ಯಾಕೆ ಪರದೆ ಹಿಂದಿಕ್ ಹೋಗಿ ಏನೋ ಮಾಡ್ದ. 'ಯಾರ್ಗೂ ಹೇಳ್ಬ್ಯಾಡ' ಅಂದ. ಮೇನೇಜರ್‌ಗೆ ಗೊತ್ತೇ ಆಗ್ಲಿಲ್ಲ. ಗೊತ್ತಾಗಕೆ ಅವನು ಯಾವತ್ತು ನಮ್ ಕಡೆ ಕೂತಿದ್ದ?"

ಅವತ್ತು ಸಂಜೆ ಪಾತ್ರೆಗಳನ್ನು ಹಿಂತಿರುಗಿಸಿ ಬಂದವಳೇ ಡಬ್ಬಿಯಿಂದ ನಿನ್ನ ರೆಸಿಸ್ಟರನ್ನು ತೆಗೆದು ಅಳೆದೆ. ಹದಿನಾರು ಓಮ್. ಹಾರ್ನ್ ಕೂಡ ಹದಿನಾರು ಓಮ್. ಹಾರ್ನ್ ಯಾವ ಸ್ವರದಿಂದ ಶುರುವಾಗಬೇಕೆಂದು ನಿರ್ಧರಿಸುವುದು ಓಮ್ ಮತ್ತು ಮೈಕ್ರೋಫ್ಯಾರಡ್‌ಗಳ ಗುಣಲಬ್ಧ; ಕಾಗದ ತೆಗೆದುಕೊಂಡು ಬರೆದೆ. ಬಲಗಡೆ ಹದಿನಾರು ಇಪ್ಪತ್ತಲ ಮುನ್ನೂರಿಪ್ಪತ್ತು. ಎಡಗಡೆ ಹಾರ್ನೂ ರೆಸಿಸ್ಟರೂ ಸೇರಿ ಮೂವತ್ತೆರಡು, ಕೆಪಾಸಿಟರ್ ಹತ್ತು. ಮೂವತ್ತೆರಡು ಹತ್ತಲ ಮುನ್ನೂರಿಪ್ಪತ್ತು. ಅಪ್ಪ! ದನಿ ತಗ್ಗಿಸಲು ಬರೀ ರೆಸಿಸ್ಟರ್ ಹಾಕಿ ಬಿಟ್ಟಿದ್ದರೆ ದಪ್ಪ ದನಿಯೂ ಆ ತೆಳು ಪೊರೆಯ ಮೇಲೆ ಬೀಳುತ್ತಿತ್ತು. ಅದು ಬೀಳದಿರಲೆಂದು ಕೆಪಾಸಿಟರನ್ನು ಲೆಕ್ಕ ಹಾಕಿ ಅರ್ಧಕ್ಕೆ ಇಳಿಸಿದ್ದೆ. ಎರಡೂ ಹಾರ್ನ್ ಒಂದೇ ಸ್ವರದಿಂದ ಶುರುವಾಗುತ್ತಿದ್ದವು, ಒಂದು ಮಾತ್ರ ಮೆಲ್ಲಗೆ ನುಡಿಯುತ್ತಿತ್ತು. ಮಾತು ಕೇಳಬೇಕು, ಕಿರುಚಾಟ ಚುಚ್ಚಬಾರದು. ಎಸ್ಸೆಸ್ಸೆಲ್ಸಿ ಪಾಸಾಗದ ನೀನು ಇದನ್ನು ಯಾವ ಕಾಗದದ ಮೇಲೆ ಬರೆದು ಗುಣಿಸಿದೆ? ಟಿಕೀಟಿನ ಬೆನ್ನ ಮೇಲಾ? ಮತ್ತೆ ನಾನು, ಲ್ಯಾಬಿನ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವವಳು, ಆ ಹತ್ತನ್ನು ನೋಡಿ, ಇಪ್ಪತ್ತು ಸಿಕ್ಕಿರಲಿಲ್ಲವೇನೋ ಎಂದುಕೊಂಡೆ.

ನಿನ್ನ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ರಜೆಯ ಆ ದಿನ ಬಲಗಡೆಯದನ್ನೇ ಯಾಕೆ ಬಿಚ್ಚಿದೆ? ಮ್ಯಾನೇಜರಿನ ಭಯವೆಂದರೆ ಒಪ್ಪುತ್ತೇನೆ, ಆದರೆ ಅಷ್ಟು ಹೊತ್ತಿಗೆ ಟಾಕೀಸೇ ಮುಚ್ಚಿತ್ತಲ್ಲ! ಬೆನ್ನಿಗೆ 'ಎಡ' ಎಂದು ಬರೆದ ಕೈಗೆ ಇನ್ನೆರಡು ಪದ ಬರೆಯಲು ಏನಾಗಿತ್ತು? ಅವ್ವನಾದರೂ ಹೇಳಬಹುದಿತ್ತು. ವರಾಂಡದಲ್ಲಿ ನಿಂತಿದ್ದನ್ನು ಅವಳು ಸಾಯುವವರೆಗೂ ನಮಗೆ ಹೇಳಲಿಲ್ಲ. ನಮ್ಮ ಮನೆಯವರು ಒಳ್ಳೆಯದನ್ನು ಕದ್ದ ಮಾಲಿನ ಹಾಗೆ ಯಾಕೆ ಬಚ್ಚಿಡುತ್ತಾರೆ?

ಮಾರನೆಯ ದಿನ ಆ ಮನುಷ್ಯನಿಗೆ ಫೋನು ಮಾಡಿದೆ. ಎಲ್ಲವನ್ನೂ ಕ್ರಮವಾಗಿ ಹೇಳಿದೆ, ಗುಣಾಕಾರದ ಸಮೇತ.

"ಲೆಕ್ಕ ಸರಿ ಇದೆ ಮೇಡಂ, ಒಪ್ಕೋತೀನಿ. ಆದ್ರೆ ಈಗ ಹೆಂಗಸರ ಕಡೆ ಗಂಡಸರ ಕಡೆ ಅಂತ ಎಲ್ಲಿದೆ? ನಾನು ಒಬ್ನೇ ಕೂತು ಕೇಳೋನು. ನನಗೆ ಎರಡೂ ಒಂದೇ ಥರ ಬೇಕು."

"ನಿಮಗೆ ಬೇಕಾದ್ದು ಬೇರೆ, ಸರಿ. ಅವರು ಮಾಡಿದ್ದು ತಪ್ಪು ಅಂತ ಹೇಳಿದೀರಲ್ಲ, ಅದನ್ನ ತೆಗೀರಿ."

"ಅಯ್ಯೋ, ತಮಾಷೆಗೆ ಮಾಡಿದ್ದು ಮೇಡಂ. ಎಷ್ಟೋ ಜನ ನೋಡಿಯೂ ಆಗಿದೆ."

"ನೋಡಿದಾರೆ ಅಂತಲೇ ಹೇಳ್ತಿರೋದು."

ತೆಗೆಯಲಿಲ್ಲ. ಹಾಗಾಗಿ ನಾನೇ ಆ ವಿಡಿಯೋದ ಕೆಳಗೆ ಬರೆದೆ. ಇಂಥಲ್ಲಿ ಒಂದಕ್ಷರ ಬರೆದವಳಲ್ಲ ನಾನು. ನಿನ್ನ ಹೆಸರು, ನಿನ್ನ ಕೆಲಸ, ಎರಡೂ ಕಡೆಯ ಲೆಕ್ಕ, ಕಾರಣ. ಬೈಗುಳವಿಲ್ಲ, ಉದ್ಗಾರ ಚಿಹ್ನೆಯೂ ಇಲ್ಲ. ಎರಡು ದಿನ ಇತ್ತು, ಮೂರನೆಯ ದಿನ ಕಾಣಲಿಲ್ಲ. ಮತ್ತೆ ಹಾಕಿದೆ. ಮತ್ತೆ ಹೋಯಿತು. ಈಗ ದಿನಾ ಕಾಲೇಜಿಗೆ ಹೊರಡುವ ಮೊದಲು ನೋಡುತ್ತೇನೆ. ಇಲ್ಲದಿದ್ದರೆ ಹಾಕುತ್ತೇನೆ. ಅವನಿಗೆ ಬೇಸರ ಬರುವವರೆಗೆ ನನಗೆ ಬರುವುದಿಲ್ಲ. ಮೊನ್ನೆ ಗಣಿತದ ಮೇಷ್ಟ್ರಿಗೂ ಅದನ್ನು ಓದಲು ಕೊಟ್ಟೆ. ನಗು ನಿಲ್ಲಿಸಿ ಬೆರಳಲ್ಲಿ ಮೇಜಿನ ಮೇಲೆ ಗುಣಿಸಿದರು. "ಇದು ಯಾರು, ನಿಮಗೆ ಗೊತ್ತಾ?" ಎಂದರು. "ನಮ್ಮಪ್ಪ" ಅಂದೆ.

ಪೆಟ್ಟಿಗೆಗಳನ್ನು ಕೊಡುವುದಿಲ್ಲ ಎಂದು ಅಣ್ಣನಿಗೂ ಹೇಳಿಯಾಯಿತು. ಎಡಗಡೆಗೆ ಹೊಸದೊಂದು ಹತ್ತು ಮೈಕ್ರೋಫ್ಯಾರಡ್ ತರಿಸಿ ಬೆಸೆದೆ, ನಿನ್ನ ರೆಸಿಸ್ಟರನ್ನೇ ತಿರುಗಿ ಹಾಕಿದೆ. ಹೊಸ ಕೆಪಾಸಿಟರಿನಿಂದ ದನಿ ಮೊದಲಿಗಿಂತ ತಿಳಿಯಾಗಿದೆ, ಪಿಸುಮಾತು ಕೂಡ ಸ್ಪಷ್ಟ. ಮುಂದಿನ ತಿಂಗಳು ಐ.ಡಿ.ಹಳ್ಳಿಯವರು ನಾಟಕಕ್ಕೆ ಕೇಳಿದ್ದಾರೆ. ಎಡಗಡೆಯದನ್ನು ಹೆಂಗಸರು ಮಕ್ಕಳು ಕೂರುವ ಕಡೆಗೇ ನಿಲ್ಲಿಸುತ್ತೇನೆ, ನಾನೇ ಹೋಗಿ ನಿಲ್ಲಿಸುತ್ತೇನೆ. ಮಾತು ಕೊಡುತ್ತೇನೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಲೆಕ್ಕ ಸರಿ, ಆದರೆ ಫಲ ಸಿಕ್ಕಿತೇ? ನೀನು ಮೇಲೆ ಪ್ರೊಜೆಕ್ಟರ್ ರೂಮಿನಲ್ಲಿದ್ದವನು, ನಿನಗೆ ಕೆಳಗಿನದು ಕೇಳುತ್ತಿರಲಿಲ್ಲ. ಯಾರೂ ಬಂದು ಹೇಳಿರಲಾರರು. ಹೋದ ಶನಿವಾರ ತಾವರೆಕೆರೆಗೆ ಹೋಗಿ ಲಕ್ಷ್ಮಕ್ಕನನ್ನೇ ಕೇಳಿದೆ. ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು.

"ಆಮೇಲೆ ಮಕ್ಕಳು ಅಳಲೇ ಇಲ್ವಾ ಲಕ್ಷ್ಮಕ್ಕ?"

"ಅಳ್ದೆ ಇರ್ತಾವಾ? ಒಂದೋ ಎಲ್ಡೋ ಅಳವು, ಮೊಲೆಗಾಕ್ಕಂಡ್ರೆ ಸುಮ್ಕಾಗವು. ಮಿಕ್ಕವೆಲ್ಲ ಅಂಗೇ ಮಲ್ಗಿರವು."

"ನೀನು ಗೇಟಲ್ಲೇ ಇರ್ತಿದ್ದೆಯಲ್ಲ, ನಿನಗೆ ಹೆಂಗೆ ಗೊತ್ತಾಯ್ತು?"

"ಗೇಟ್ನಾಗೆ ಏನ್ ಮಾಡ್ಲಿ, ಆಚಿಕ್ ಕಳ್ಸೋಕೆ ಯಾರೂ ಇರ್ಲಿಲ್ಲ. ಒಳಕ್ ಬಂದು ಅವರ್ ಮಧ್ಯೆ ಕೂತ್ಕಂಡ್ಬುಡ್ತಿದ್ದೆ. ಅಷ್ಟ್ ವರ್ಷ ಟಾಕೀಸ್ನಾಗಿದ್ದು ಸಿನ್ಮಾ ಕೊನೇಗೇನಾಯ್ತು ಅಂತ ನೋಡಿದ್ದು ಆಮ್ಯಾಕೇ ಕಣಮ್ಮ."