ರುಕ್ಮವ್ವನ ಹೆಸರಿನ ತಿದ್ದುಪಡಿ

ಇಂಡಿ
೧೨ ಮಾರ್ಚ್ ೨೦೨೫, ಬುಧವಾರ

ಚಿ. ಸೌ. ವಿಜಯಲಕ್ಷ್ಮಿಗೆ,

ನಿನ್ನ ಹಳೆಯ ಮಾಸ್ತರ ಜಯತೀರ್ಥನ ಆಶೀರ್ವಾದಗಳು. ಇಲ್ಲಿ ನಾನೂ ವೃಂದಾನೂ ಆರಾಮ ಇದ್ದೇವೆ. ಆಕೆಯ ಮೊಣಕಾಲು ನೋವು ಚಳಿಯ ಜೊತೆಗೇ ಹೋಯಿತು. ನಾಲತವಾಡದಲ್ಲಿ ನೀನು, ನಿನ್ನ ಯಜಮಾನರು, ನಿನ್ನ ಸಾಲಿಯ ಹುಡುಗರು ಎಲ್ಲ ಚೆನ್ನಾಗಿದ್ದೀರಿ ಎಂದು ನಂಬಿದ್ದೇನೆ. ನಿನ್ನ ಪತ್ರ ಬಂದು ಆರು ವಾರವಾಯಿತು. ಕಾಲೇಜಿನಲ್ಲಿ ರೆಕಾರ್ಡ್ ಬುಕ್ ಒಂದು ದಿನ ತಡವಾಗಿ ತಂದರೆ ನಿಮ್ಮನ್ನೆಲ್ಲ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದವನು ನಾನು. ಈಗ ನನ್ನನ್ನು ಎಲ್ಲಿ ನಿಲ್ಲಿಸಬೇಕೋ ನೀನೇ ಹೇಳು. ಮೈಯಲ್ಲಿ ಹುಷಾರಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ವೃಂದಾ ಇಲ್ಲೇ ಎದುರಿಗೆ ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತಿದ್ದಾಳೆ. ಆಕೆಯ ಕಣ್ಣೆದುರು ಅಂಥದನ್ನು ಬರೆಯಲು ಕೈ ಬರುವುದಿಲ್ಲ. ಧೈರ್ಯ ಸಾಲಲಿಲ್ಲ, ಅಷ್ಟೇ.

“ಫೋನಿನ್ಯಾಗ ಮಾತಾಡಿದ್ರ ಅಳು ಬರ್ತೈತ್ರಿ ಸರ್, ಅದಕ್ಕ ಬರಿಯಾಕತ್ತೇನಿ” ಎಂದಿದ್ದೀ. ಅಳು ಬಂದರೆ ನನಗೇನು ಬೇಜಾರಿಲ್ಲ, ಆದರೂ ಬರೆದದ್ದು ಒಳ್ಳೆಯದಾಯಿತು. ಮೂರು ಪ್ರಶ್ನೆ ಕೇಳಿದ್ದೀ. ಜೋಳದ ಬೀಜ ಕಾಪಿಡುವ ಬಗ್ಗೆ ಬರೆದ ನಿನ್ನ ಲೇಖನದ ಕೊನೆಯಲ್ಲಿ ಆಯಿಗೆ, ಅಂದರೆ ನಿನ್ನ ಅಜ್ಜಿ ರುಕ್ಮವ್ವನಿಗೆ, ನೀನು ಬರೆದಿದ್ದ ಕೃತಜ್ಞತೆಯ ಸಾಲುಗಳು ಎಲ್ಲಿ ಹೋದವು? ಅವನ್ನು ಮತ್ತೆ ಹಾಕಲು ಬರುತ್ತದೆಯೇ? ಇನ್ನು ಮೂರನೆಯದು. “ಮಾಸ್ತರು ನನ್ನ ಹೆಸರು ಓದಿ ಹೇಳ್ಯಾರ” ಎಂದು ಆಯಿ ಊರೆಲ್ಲ ಹೇಳುತ್ತಿದ್ದಾಳೆ, ಅಲ್ಲಿ ಇಲ್ಲವೇ ಇಲ್ಲದ ಹೆಸರನ್ನು ನೀವು ಹೇಗೆ ಓದಿದಿರಿ? ಮೊದಲೆರಡಕ್ಕೆ ಈಗ ಉತ್ತರ ಬರೆಯುತ್ತೇನೆ. ಮೂರನೆಯದಕ್ಕೆ ನನಗೆ ಇನ್ನಷ್ಟು ಹೊತ್ತು ಬೇಕು.

ನಮ್ಮ ‘ಎರೆಹೊಲ’ ಪತ್ರಿಕೆಗೆ ಕಚೇರಿ ಎಂಬುದು ಇಲ್ಲ. ಇಲ್ಲಿ ನನ್ನ ಪಡಸಾಲೆಯ ಮೇಜು, ಸಿಂದಗಿಯಲ್ಲಿ ಜುಲ್ಫಿಕರನ ಕಂಪ್ಯೂಟರು, ಬಸವನ ಬಾಗೇವಾಡಿಯಲ್ಲಿ ಸಹಸಂಪಾದಕಿ ಸರಸ್ವತೀಬಾಯಿಯವರ ಕಟ್ಟುನಿಟ್ಟು, ಇಷ್ಟರ ಮೇಲೆ ನಡೆದಿದೆ. ಅಚ್ಚು ಹಾಕಿಸುವುದಿಲ್ಲ. ಬರೆದವರ ಹತ್ತಿರವೂ ಹಣ ಕೇಳುವುದಿಲ್ಲ, ಓದುವವರ ಹತ್ತಿರವೂ ಕೇಳುವುದಿಲ್ಲ. ಯಾವ ಊರಿನವರಾದರೂ ಫೋನಿನಲ್ಲಿ ತೆರೆದು ಓದಬಹುದು, ಇಳಿಸಿಕೊಳ್ಳಬಹುದು, ಮಕ್ಕಳಿಗೆ ಕಲಿಸಬಹುದು. ಒಂದೇ ಷರತ್ತು: ಯಾರ ಅರಿವೋ ಅವರ ಹೆಸರು ಹೇಳಬೇಕು. ಇದನ್ನು ರುಕ್ಮವ್ವನಿಗೆ ಮೊದಲ ಸಲ ವಿವರಿಸಿದವನೂ ನಾನೇ. “ಅಂದ್ರ ರೊಕ್ಕ ಕೊಡೂದು ಬ್ಯಾಡ, ಹೆಸರು ಹೇಳಿದ್ರ ಸಾಕು ಅಂತೀರಿ” ಎಂದಳು. ಹೌದು ಎಂದೆ. “ಬೇಷಾತು. ನಾ ಬೀಜ ಕೊಡೂದೂ ಹಂಗ” ಎಂದಳು.

ಲೇಖನ ಬಂದ ಮೇಲೆ ಮೊದಲು ನಾನು ಓದುತ್ತೇನೆ. ನಮ್ಮ ವಿಷಯಕ್ಕೆ ಸೇರಿದ್ದೋ ಅಲ್ಲವೋ, ಎಲ್ಲಿಂದಾದರೂ ಎತ್ತಿದ್ದೋ, ನೋಡುತ್ತೇನೆ. ಆಮೇಲೆ ಆ ವಿಷಯ ಬಲ್ಲ ಇಬ್ಬರು ಪರಿಶೀಲಕರಿಗೆ ಕಳಿಸುತ್ತೇನೆ. ಬರೆದವರು ಯಾರೆಂದು ಅವರಿಗೆ ತಿಳಿಯಬಾರದು, ಅವರು ಯಾರೆಂದು ಬರೆದವರಿಗೆ ತಿಳಿಯಬಾರದು. ಮುಖ ನೋಡಿ ಮಣೆ ಹಾಕಬಾರದು ಅಂತ ಈ ವ್ಯವಸ್ಥೆ. ಬೇರೆ ಕಡೆ ಲೇಖಕರ ಹೆಸರು ತೆಗೆದರೆ ಸಾಕಾಗುತ್ತದೋ ಏನೋ. ನಮ್ಮ ಕಡೆ ಸಾಲದು. ಅಗರಖೇಡ ಎಂದು, ಜೋಳದ ಬೀಜ ಎಂದು, ರುಕ್ಮವ್ವ ಎಂದು ಕಂಡರೆ ಸಾಕು, ಓದಿದವರು ನಾಲತವಾಡದ ಸಾಲಿಯಲ್ಲಿರುವ ಮೊಮ್ಮಗಳನ್ನಲ್ಲದೆ ಆಕೆಯ ಬೀಗರನ್ನೂ ಗುರುತು ಹಿಡಿಯುತ್ತಾರೆ. ಅದಕ್ಕೇ ನಾನು ಅಗರಖೇಡವನ್ನು ‘ಇಂಡಿ ತಾಲೂಕಿನ ಒಂದು ಊರು’ ಎಂದು ಮಾಡಿದೆ. ರುಕ್ಮವ್ವನನ್ನು ‘ಒಬ್ಬ ಹಿರಿಯ ಮಹಿಳೆ’ ಮಾಡಿದೆ. ಕೊನೆಯ ಕೃತಜ್ಞತೆಯನ್ನು ಪೂರ್ತಿ ಕತ್ತರಿಸಿ ಬೇರೆ ಕಡತದಲ್ಲಿ ಇಟ್ಟೆ. ಲೇಖನ ಒಪ್ಪಿಗೆಯಾದ ಮೇಲೆ ಎಲ್ಲವನ್ನೂ ಮರಳಿ ಕೂಡಿಸಬೇಕು. ಆ ಕೆಲಸ ನನ್ನದು, ಬೇರೆ ಯಾರದೂ ಅಲ್ಲ.

ಮೊದಲನೆಯ ಪರಿಶೀಲಕರು ಇಪ್ಪತ್ತು ದಿನದಲ್ಲಿ ಮೆಚ್ಚಿ ಬರೆದರು. ಎರಡನೆಯವರು ನಾಲ್ಕು ತಿಂಗಳು ತೆಗೆದುಕೊಂಡರು. ಅವರಿಗೂ ಸಂಬಳವಿಲ್ಲ, ತಮ್ಮ ಕೆಲಸದ ನಡುವೆ ಬಿಡುವು ಮಾಡಿಕೊಂಡು ಓದಬೇಕು, ಅದಕ್ಕೆ ಮೂರು ಸಲ ಮೆತ್ತಗೆ ನೆನಪಿಸಿದೆ. ಕೊನೆಗೆ ಬಂದದ್ದು ನಿನಗೆ ನೆನಪಿದ್ದೇ ಇದೆ: ‘ಒಬ್ಬ ಅಜ್ಜಿ ಹೀಗೆ ಮಾಡುತ್ತಾಳೆ ಎಂಬುದು ಪುರಾವೆಯಲ್ಲ. ಬೀಜ ಮೊಳೆಯುತ್ತದೆ ಎಂದು ತೋರಿಸಿ.’ ಅವತ್ತು ನೀನು ನನಗೆ ಫೋನ್ ಮಾಡಿ ಅತ್ತೆ. “ಆಯಿ ಅರವತ್ತು ವರ್ಷದಿಂದ ಮಾಡಾಕತ್ತಾಳ್ರಿ ಸರ್, ಇವರಿಗೇನ್ ಗೊತ್ತು?” ಎಂದೆ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಅಗರಖೇಡಕ್ಕೆ ಹೋದೆ. ಒಲೆಯ ಮೇಲಿನ ತೊಲೆಗೆ ತೆನೆ ಕಟ್ಟುವುದರಿಂದ ಹಿಡಿದು, ಕಾಳನ್ನು ಹಲ್ಲಿನಲ್ಲಿ ಕಡಿದು ‘ಕಟ್’ ಎಂದಾಗ ಮಾತ್ರ ಒಣಗಿದೆ ಎನ್ನುವುದು, ಬೂದಿ ಮತ್ತು ಬೇವಿನ ಎಲೆ ಬೆರೆಸುವುದು, ಗಡಿಗೆಯ ಬಾಯಿಗೆ ಸಗಣಿ ಮಣ್ಣು ಮೆತ್ತುವುದು, ಎಲ್ಲವನ್ನೂ ಎದುರಿಗೆ ಕೂತು ಬರೆದುಕೊಂಡೆ. ಆಕೆಯ ಗಡಿಗೆಯ ನೂರು ಕಾಳು, ಚೀಲದಲ್ಲಿಟ್ಟ ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟೆ. ಚೀಲದ್ದು ಅರವತ್ಮೂರು ಮೊಳೆತವು, ರುಕ್ಮವ್ವನದು ತೊಂಬತ್ತೊಂದು. ಆ ಎರಡನೆಯ ಪರಿಶೀಲಕರು ಮರಳಿ ಏನು ಬರೆದರು ಎಂದು ನಿನಗೆ ಪೂರ್ತಿ ಹೇಳಿರಲಿಲ್ಲ. ‘ಈಗ ಒಪ್ಪಿದೆ. ಆ ಹಿರಿಯ ಮಹಿಳೆಗೆ ನನ್ನ ನಮಸ್ಕಾರ ತಿಳಿಸಿ.’ ಅವರು ಯಾರೆಂದು ನಾನು ಸಾಯುವವರೆಗೂ ಹೇಳುವಂತಿಲ್ಲ, ನೀನೂ ಕೇಳಬೇಡ.

ಇಷ್ಟೆಲ್ಲ ದಾಟಿ ಬಂದ ಲೇಖನವನ್ನು ಕೆಡಿಸಿದವನು ನಾನು. ಜನವರಿಯಲ್ಲಿ ನಿನ್ನ ಹೆಸರು ಕೂಡಿಸಿದೆ, ನಿನ್ನ ಸಾಲಿಯ ಹೆಸರು ಕೂಡಿಸಿದೆ, ಅಲ್ಪವಿರಾಮ ಪೂರ್ಣವಿರಾಮಗಳನ್ನು ಎರಡೆರಡು ಸಲ ನೋಡಿದೆ. ಆ ಇನ್ನೊಂದು ಕಡತ ತೆರೆಯಲೇ ಇಲ್ಲ. ಇದಕ್ಕೆ ಕಾರಣ ಹುಡುಕಿದೆ, ಸಿಗಲಿಲ್ಲ. ಮರೆತೆ. ಇಪ್ಪತ್ತನೆಯ ತಾರೀಖು ಲೇಖನ ಪ್ರಕಟವಾದಾಗ ಅದರಲ್ಲಿ ರುಕ್ಮವ್ವ ಎಂಬ ಮನುಷ್ಯಳೇ ಇರಲಿಲ್ಲ. ‘ಇಂಡಿ ತಾಲೂಕಿನ ಒಂದು ಊರಿನ ಒಬ್ಬ ಹಿರಿಯ ಮಹಿಳೆ’ ಹಾಗೇ ಉಳಿದುಕೊಂಡಿದ್ದಳು.

ಇನ್ನು ನಿನ್ನ ಎರಡನೆಯ ಪ್ರಶ್ನೆ. ಜುಲ್ಫಿಕರನಿಗೆ ಹೇಳಿದಾಗ ಅವನು, “ಎರಡು ನಿಮಿಷದ ಕೆಲಸರಿ ಸರ್. ಹಳೇದು ತಗದು ಹೊಸಾದು ಇಟ್ಟುಬಿಡ್ತೇನಿ. ಯಾರಿಗೂ ಗೊತ್ತಾಗೂದಿಲ್ಲ” ಎಂದ. ಪಾಪ, ನನ್ನ ಮೇಲಿನ ಪ್ರೀತಿಯಿಂದಲೇ ಅಂದದ್ದು. ಸರಸ್ವತೀಬಾಯಿಯವರಿಗೆ ಈ ಮಾತು ಮುಟ್ಟಿತು. “ಜಯತೀರ್ಥ ಅವರ, ಒಮ್ಮೆ ಹೊರಗ ಬಿಟ್ಟದ್ದನ್ನ ಸದ್ದಿಲ್ಲದ ತಿದ್ದಬಾರದು ಅಂತ ನಿಯಮ ಬರದವರು ನೀವ ಇದ್ದೀರಿ. ಏನು ತಪ್ಪಾತು, ಯಾರಿಂದ ಆತು, ಯಾವತ್ತು ತಿದ್ದಿದಿವಿ, ತಾರೀಖು ಹಾಕಿ ಹೇಳ್ರಿ” ಎಂದರು. ಅವರು ಹೇಳಿದ್ದು ಸರಿ. ಆದರೂ ಆರು ವಾರ ನನ್ನ ಮನಸ್ಸು ಜುಲ್ಫಿಕರನ ಎರಡು ನಿಮಿಷದ ಹಿಂದೆಯೇ ಸುತ್ತುತ್ತಿತ್ತು. ಒಂದು ದಿನ ಅವನಿಗೆ ಹಾಗೇ ಮಾಡು ಎಂದು ಹೇಳಲು ಫೋನನ್ನೂ ಎತ್ತಿದ್ದೆ. ವೃಂದಾ, “ಯಾರಿಗೆ ಹಚ್ಚಾಕತ್ತೀರಿ?” ಎಂದಳು. ಕೆಳಗಿಟ್ಟೆ.

ಮೊನ್ನೆ ಸೋಮವಾರ, ಮಾರ್ಚ್ ಹತ್ತಕ್ಕೆ, ತಿದ್ದುಪಡಿ ಪ್ರಕಟವಾಗಿದೆ. ‘ಜನವರಿ ೨೦ರಂದು ಪ್ರಕಟವಾದ ಲೇಖನದಲ್ಲಿ ಮಾಹಿತಿ ನೀಡಿದವರ ಹೆಸರು, ಊರು ಮತ್ತು ಕೃತಜ್ಞತೆಯ ಸಾಲುಗಳು ಸಂಪಾದಕ ಜಯತೀರ್ಥರ ಅಜಾಗ್ರತೆಯಿಂದ ಬಿಟ್ಟುಹೋಗಿದ್ದವು. ಇದರಲ್ಲಿ ಲೇಖಕಿಯ ತಪ್ಪೇನೂ ಇಲ್ಲ.’ ಅದರ ಕೆಳಗೆ ನಿನ್ನ ಸಾಲುಗಳು ನೀನು ಬರೆದಂತೆಯೇ ಇವೆ: ‘ಇಲ್ಲಿರುವ ಅರಿವೆಲ್ಲ ನನ್ನ ಆಯಿ, ಅಗರಖೇಡದ ರುಕ್ಮವ್ವನದು. ಬರೆದದ್ದಷ್ಟೇ ನಾನು.’ ಇನ್ನು ಮುಂದೆ ಲೇಖನ ಯಾರು ತೆರೆದರೂ ಮೊದಲು ತಿದ್ದುಪಡಿ ಕಾಣುತ್ತದೆ. ನನ್ನ ತಪ್ಪಿನ ಜೊತೆಗೇ ಆಕೆಯ ಹೆಸರು ಇರುತ್ತದೆ. ಅದಕ್ಕೆ ನಾನೇನೂ ಮಾಡುವಂತಿಲ್ಲ.

ನಿನ್ನೆ ಅಗರಖೇಡಕ್ಕೆ ಹೋಗಿ ಬಂದೆ. ರುಕ್ಮವ್ವ ಗಟ್ಟಿಯಾಗಿದ್ದಾಳೆ, ಈ ಸುಗ್ಗಿಯ ಬೀಜ ತುಂಬಿಟ್ಟಿದ್ದಾಳೆ. ನಿನಗೆ ಸಜ್ಜಿ ರೊಟ್ಟಿ ಕಟ್ಟಿಕೊಡುತ್ತೇನೆ, ನಾಲತವಾಡದ ಕಡೆ ಹೋಗುವವರಿದ್ದರೆ ಹೇಳ್ರಿ ಎಂದಳು. ನೀನು ನನ್ನ ಮೇಲೆ ಸಿಟ್ಟು ಇಟ್ಟುಕೊಂಡರೂ ಬರೆಯುವುದನ್ನು ಬಿಡಬೇಡ, ಮಗಳೇ. ಮೂವತ್ತೆರಡು ವರ್ಷ ಪಾಠ ಹೇಳಿದೆ. ಕಲಿಸಿದ ಮಕ್ಕಳಲ್ಲಿ ಮನೆಯ ಒಲೆಯ ಮುಂದೆ ಕೂತು ಅಲ್ಲಿದ್ದ ಶಾಸ್ತ್ರವನ್ನು ಕಂಡವಳು ನೀನೊಬ್ಬಳೇ. ನಿನ್ನ ಕೈಬರಹ ನೋಡಿದಾಗೆಲ್ಲ ನನಗೆ ಹೆಮ್ಮೆಯಾಗುತ್ತದೆ, ಸಿಟ್ಟಿನಲ್ಲಿ ಬರೆದ ಈ ಪತ್ರದ ಕೈಬರಹ ನೋಡಿಯೂ ಆಯಿತು. ನಿನ್ನ ಸಂಸಾರ ತಣ್ಣಗಿರಲಿ, ನಿನ್ನ ಹುಡುಗರು ನಿನ್ನಂತೆಯೇ ಪ್ರಶ್ನೆ ಕೇಳುವವರಾಗಲಿ. ವೃಂದಾ ಲಿಂಬಿಕಾಯಿ ಉಪ್ಪಿನಕಾಯಿ ಹಾಕಿದ್ದಾಳೆ, ಒಂದು ಡಬ್ಬಿ ನಿನ್ನ ಹೆಸರಿಗೆ ತೆಗೆದಿಟ್ಟಿದ್ದಾಳೆ.

ಇಂತಿ, ನಿನ್ನ ಶ್ರೇಯಸ್ಸು ಬಯಸುವ,
ಜಯತೀರ್ಥ

ತಾ.ಕ.: ಮೂರನೆಯ ಪ್ರಶ್ನೆಯನ್ನು ಬಿಟ್ಟು ಸಹಿ ಹಾಕಿದೆ. ಲಕೋಟೆಗೆ ಅಂಟು ಹಚ್ಚುವ ಮೊದಲು ಮತ್ತೆ ಹೊರಗೆ ತೆಗೆದಿದ್ದೇನೆ.

ಜನವರಿ ಇಪ್ಪತ್ತರಂದು ಲೇಖನ ಪ್ರಕಟವಾದ ತಾಸಿನೊಳಗೆ ನಾನು ಬಸ್ಸು ಹತ್ತಿದೆ. ನಿನಗಿಂತ ಮೊದಲು ನಾನೇ ಆಕೆಗೆ ತೋರಿಸಬೇಕೆಂಬ ಆಸೆ. ದೊಡ್ಡಸ್ತಿಕೆ ಎಂದರೂ ಸರಿಯೇ. ಬರುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದೆ, ಹೀಗಾಗಿ ರುಕ್ಮವ್ವ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು, ಓಣಿಯ ನಾಲ್ಕು ಮುದುಕಿಯರನ್ನೂ ಕರೆದಿದ್ದಳು. ಫೋನ್ ತೆರೆದು ಲೇಖನದ ಕೊನೆಗೆ ಹೋದೆ. ಅಲ್ಲಿ ಆಕೆಯ ಹೆಸರೇ ಇರಲಿಲ್ಲ. ನನ್ನ ತಪ್ಪು ನನಗೆ ಗೊತ್ತಾದದ್ದು ಆ ಕಟ್ಟೆಯ ಮೇಲೆ, ವಿಜಯಾ, ನಿನ್ನ ಪತ್ರದಿಂದಲ್ಲ. ಹೇಳಬೇಕೆಂದು ತಲೆ ಎತ್ತಿದೆ. ರುಕ್ಮವ್ವ ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ, ಕೇಳಲು ಕೂತಿದ್ದಳು. ನಿನ್ನ ಸಾಲುಗಳು ನನಗೆ ಬಾಯಿಪಾಠ ಇದ್ದವು. ಹೇಳಿಬಿಟ್ಟೆ. ಮತ್ತೊಮ್ಮೆ ಎಂದಳು, ಮತ್ತೆ ಹೇಳಿದೆ. ಮೂರು ಸಲ ಆಯಿತು.

ಆಮೇಲೆ, “ಎಲ್ಲೈತ್ರಿ, ಕೈ ಇಟ್ಟು ತೋರಸ್ರಿ” ಎಂದಳು. ಆಕೆಯ ಬೆರಳು ಹಿಡಿದು ಪುಟದ ಕೊಟ್ಟಕೊನೆಯ ಸಾಲಿನ ಮೇಲೆ ಇಟ್ಟೆ. ‘ಜಯತೀರ್ಥ, ಸಂಪಾದಕ’ ಎಂದಿತ್ತು. “ಇಷ್ಟುದ್ದ ಐತೇನ್ರಿ ನನ್ನ ಹೆಸರು?” ಎಂದು ನಕ್ಕಳು. ಬಹಳ ಹೊತ್ತು ಅದನ್ನೇ ನೋಡಿದಳು.

ತಿದ್ದುಪಡಿಗೆ ತಾರೀಖು ಹಾಕಲು ಆರು ವಾರ ಒದ್ದಾಡಿದ್ದು ಇದಕ್ಕೇ. ಸದ್ದಿಲ್ಲದೆ ತಿದ್ದಿದ್ದರೆ ನಾನು ಆಕೆಗೆ ಹೇಳಿದ್ದು ಸುಳ್ಳೇ ಅಲ್ಲ ಎಂದಾಗುತ್ತಿತ್ತು.

ನಿನ್ನೆ ತಿದ್ದಿದ ಪುಟವನ್ನು ಕಾಗದದ ಮೇಲೆ ತೆಗೆಸಿಕೊಂಡು ಹೋದೆ. ರುಕ್ಮವ್ವನ ಪಡಸಾಲೆಯ ಗೋಡೆಗುಂಟ ಏಳು ಗಡಿಗೆ, ಬಾಯಿಗೆ ಮೆತ್ತಿದ ಮಣ್ಣು ಇನ್ನೂ ಹಸಿಯಿತ್ತು. ಒಂದೊಂದರ ಮೈಮೇಲೂ ಸುಣ್ಣದಲ್ಲಿ ಒಂದೇ ಅಕ್ಷರ ಬರೆದಿತ್ತು. ಜ. ನಿನ್ನ ಸೋದರಮಾವ ಕಲ್ಮೇಶ, ಅವ್ವ ಜೋಳಕ್ಕೆ ಗುರುತು ಹಾಕಿದ್ದಾಳೆ ಎಂದುಕೊಂಡಿದ್ದಾನೆ. ನಾನು ನೆಲದ ಮೇಲೆ ಕೂತು ಆಕೆಗೆ ಎಲ್ಲವನ್ನೂ ಹೇಳಿದೆ. ಆಕೆ ಗಡಿಗೆಯ ಮೇಲಿನ ಅಕ್ಷರ ಮುಟ್ಟಿದಳು.

“ಹಂಗಾರ ಇದು ಯಾರ ಹೆಸರಿಂದ್ರಿ ಮಾಸ್ತರ?”

“ನಂದು, ಅವ್ವಾರ.”

“ಪೂರಾ ನೆನಪ ಉಳೀಲಿಲ್ಲ. ಮೊದಲಿಂದಷ್ಟ ಹಿಡಕೊಂಡಿದ್ನಿ. ದಿನಾ ಮುಂಜಾನೆ ಬೂದ್ಯಾಗ ತಿದ್ದಿ ತಿದ್ದಿ ಕಲ್ತೇನಿ.”

ಎಪ್ಪತ್ತೊಂಬತ್ತು ವರ್ಷಕ್ಕೆ ಆಕೆ ಕಲಿತ ಮೊದಲ ಅಕ್ಷರ ಅದು. ನನಗೆ ಅಳು ತಡೆಯಲಾಗಲಿಲ್ಲ. ಆಕೆಯೇ ಎದ್ದು ನೀರು ತಂದುಕೊಟ್ಟಳು. “ಇರ್ಲಿ ಬಿಡ್ರಿ. ಕಲ್ತದ್ದನ್ನ ಯಾಕ ಅಳಸೂದು. ಈಗ ನಂದು ತೋರಸ್ರಿ” ಎಂದಳು.

ಕಾಗದ ಬಿಚ್ಚಿದೆ. ಅವತ್ತಿನಂತೆ ಆಕೆಯ ಬೆರಳಿಗೆ ಕೈ ಚಾಚಿದೆ. ಆಕೆ ಕೈ ಕೊಡಲಿಲ್ಲ. ಸಿಟ್ಟಿರಲಿಲ್ಲ, ದನಿಯೂ ಮೊದಲಿನಂತೆಯೇ ಇತ್ತು. “ತಡೀರಿ” ಎಂದು ಹೇಳಿ, ಪಕ್ಕದ ಮನೆಯಲ್ಲಿರುವ ಅಂಗನವಾಡಿ ಟೀಚರ್ ಶಮಶಾದಬಿಯನ್ನು ಕೂಗಿದಳು.

“ಬಾರವಾ ಇಲ್ಲೆ. ಈ ಕಾಗದದಾಗ ನನ್ನ ಹೆಸರು ಐತೇನು, ನೀ ಒಂದೀಟು ನೋಡಿ ಹೇಳು.”

ಶಮಶಾದಬಿ ಬರುವವರೆಗೂ ನಾನು ಕಾಗದ ಹಿಡಿದುಕೊಂಡು ಕೂತಿದ್ದೆ.