ನಿಧಾನಕ್ಕ ಬಲಕ್ಕೆ ತಿರುಗಿದರು

ಮಾರ್ಚ್ 3, ಬೆಳಿಗ್ಗೆ

ವಿಮಾನ ನಿಲ್ದಾಣದ ಟವರ್‌ಗೆ ಹೊರಡಬೇಕು. ಗಂಟಲು ಕಟ್ಟಿದೆ. ಅತ್ತೆ ಬಿಸಿನೀರು ಕೊಟ್ಟು, "ಆಕಾಶದಲ್ಲಿರೋರನ್ನೆಲ್ಲ ಬೈದು ಬೈದು ಹೀಗಾಗಿದೆ. ಒಂದಿನ ಬಾಯಿಗೆ ರಜೆ ಕೊಡಮ್ಮ" ಎಂದರು. ಬೈಯುವುದಲ್ಲ, ವಿಮಾನಗಳಿಗೆ ದಾರಿ ಹೇಳುವುದು ಎಂದೆ. ಎರಡೂ ಒಂದೇ ಅಂತೆ.

ನಿನ್ನೆ ಮಾತ್ರ ನಿಜಕ್ಕೂ ಬೈದೆ. ನಿಧಾನಕ್ಕನನ್ನು. ಆ ಹೆಸರಿಟ್ಟವಳೂ ನಾನೇ. ಹಿರಿಯ ಕ್ಯಾಪ್ಟನ್, ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. ನಾವು ಹೇಳಿದ್ದನ್ನು ಪೈಲಟ್‌ಗಳು ತಿರುಗಿ ಒಪ್ಪಿಸಬೇಕು. ಎಲ್ಲರೂ ಪಟಪಟ ಒಪ್ಪಿಸುತ್ತಾರೆ. ಈಕೆ — ಮಗುವಿಗೆ ತುತ್ತು ತಿನ್ನಿಸುವವರ ಹಾಗೆ. "ಮೇಡಂ, ಹಿಂದೆ ಕ್ಯೂ ಇದೆ" ಎಂದೆ. "ಗೊತ್ತಮ್ಮಾ" ಎಂದರು. ಇನ್ನೂ ನಿಧಾನವಾಗಿ!

ಮಾರ್ಚ್ 9

ಅಕ್ಷರ ಸೊಟ್ಟ. ಇರಲಿ.

ಮಧ್ಯಾಹ್ನ ನಿಧಾನಕ್ಕ ಟೇಕಾಫ್ ಆದ ಸ್ವಲ್ಪ ಹೊತ್ತಿಗೇ — ಮೇಡೇ, ಪ್ರಾಣಾಪಾಯದ ಕೂಗು. ಕಾಕ್‌ಪಿಟ್‌ನಲ್ಲಿ ಹೊಗೆ. ಎಡಕ್ಕೆ ತಿರುಗಿ, ಸುತ್ತಿಕೊಂಡು ಉದ್ದದ ರನ್‌ವೇಗೆ ಬನ್ನಿ ಎಂದೆ. "ಅನೇಬಲ್. ಬಲಕ್ಕೆ." ಆಗಲ್ಲ ಅಂತ! ಬಲಕ್ಕಿರುವುದು ಗಿಡ್ಡ ರನ್‌ವೇ. ಮುಚ್ಚಿದ್ದು. ಅದರ ಮೇಲೆ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್. ಇಂಧನ ಎಷ್ಟು, ಒಳಗೆ ಎಷ್ಟು ಜನ ಎಂದು ಕೇಳತೊಡಗಿದೆ. ಕೇಳಲೇಬೇಕಾದ ಪ್ರಶ್ನೆಗಳೇ.

"ಸ್ಟ್ಯಾಂಡ್ ಬೈ."

ಈಗ ಬೇಡ, ಕಾಯಿ ಅಂತ. ಬಾಯಿ ಮುಚ್ಚಿದೆ. ವಾಕಿಟಾಕಿಯಲ್ಲಿ ಟ್ರ್ಯಾಕ್ಟರನ್ನು ಓಡಿಸಿದೆ, ಫೈರ್ ಗಾಡಿ ಕರೆಸಿದೆ. ಅವರಿಗೆ ಒಂದೇ ಮಾತು — ರನ್‌ವೇ ಖಾಲಿ. ಆಮೇಲೆ... ಏನೆಂದು ಬರೆಯಲಿ. ಮೇಲೆ ಅಷ್ಟೊಂದು ವಿಮಾನ. ಯಾರೂ ಹೇಳದೆ ಎಲ್ಲರೂ ಸುಮ್ಮನಾದರು. ಒಬ್ಬರೂ ಪಿಟಕ್ಕೆನ್ನಲಿಲ್ಲ. ಹೆಡ್‌ಸೆಟ್‌ನಲ್ಲಿ ಇಂಥ ಮೌನ ನಾನು ಕೇಳಿಯೇ ಇರಲಿಲ್ಲ.

ಇಳಿದರು. ರನ್‌ವೇ ತುದಿಯ ಹುಲ್ಲಿಗೆ ಮೂಗು ತಾಗಿಸಿಕೊಂಡು ನಿಂತರು. ಎಲ್ಲರೂ ಬದುಕಿದರು. ಕೂತಲ್ಲೇ ನನಗೆ ಅಳು ಬಂತು.

ಮಾರ್ಚ್ 12

ವಿಚಾರಣೆ ಮುಗಿಯುವ ತನಕ ನಿಧಾನಕ್ಕ ಹಾರುವಂತಿಲ್ಲ. ಮುಚ್ಚಿದ ರನ್‌ವೇಗೆ ಇಳಿದದ್ದು ತಪ್ಪಂತೆ. ಲೈಸೆನ್ಸ್ ಹೋದರೂ ಹೋಯಿತು. ಬಾಸ್ ಪಕ್ಕಕ್ಕೆ ಕರೆದರು.

"ನೀನು ಎಡ ಅಂದೆ, ಅವರು ಬಲಕ್ಕೆ ಹೋದ್ರು. ನಮ್ಮ ಮಾತು ಕೇಳಲಿಲ್ಲ ಅಂದ್ಬಿಡು. ನೀನು ಟ್ರ್ಯಾಕ್ಟರ್ ಬಿಟ್ಟ ವಿಷಯ ನಿನ್ನ ತಲೆಗೆ ಬರಲ್ಲ."

"ಎಮರ್ಜೆನ್ಸೀಲಿ ಕೊನೆ ಮಾತು ಕ್ಯಾಪ್ಟನ್‌ದು ಅಂತ ಪಾಠ ಮಾಡಿದ್ದು ನೀವೇ ಅಲ್ವಾ ಸರ್?"

"ಪಾಠ ಬೇರೆ, ಪೇಚು ಬೇರೆ ಕಣಮ್ಮ."

ಸುಳ್ಳು ಯಾಕೆ, ಅವರು ಬಲ ಎಂದಾಗ ನನಗೂ ಉರಿದಿತ್ತು.

ಮಾರ್ಚ್ 27

ವಿಚಾರಣೆ. ಮೊದಲ ಸಲ ನಿಧಾನಕ್ಕನನ್ನು ಕಂಡೆ. ಕುಳ್ಳಗೆ, ಕನ್ನಡಕಕ್ಕೆ ದಾರ. ಕಾಕ್‌ಪಿಟ್ ರೆಕಾರ್ಡಿಂಗ್ ಹಾಕಿದರು. ಹೊಗೆಯಲ್ಲಿ ಮೀಟರ್ ಕಾಣುತ್ತಿಲ್ಲವೆಂದು ಕೋ-ಪೈಲಟ್ ಕೂಗಾಡುತ್ತಿದ್ದಾನೆ. ಇವರು: "ಮೀಟರ್... ಬಿಡಪ್ಪ. ನನ್ನ ದನಿ... ಹಿಡ್ಕೊ. ಈಗ... ಚಕ್ರ ಇಳಿಸು." ಅದೇ ತುತ್ತು ತಿನ್ನಿಸುವ ದನಿ. ಅವನ ಉಸಿರು ತಹಬಂದಿಗೆ ಬಂದದ್ದು ನಮಗೆಲ್ಲ ಕೇಳಿಸಿತು. ನಾನು ಯಾವುದನ್ನು ಆಡಿಕೊಂಡಿದ್ದೆನೋ, ಅಷ್ಟೂ ಜನರನ್ನು ಇಳಿಸಿದ್ದು ಅದೇ.

ನನ್ನ ಸರದಿ. ಕ್ಯಾಪ್ಟನ್ ನಿಮ್ಮ ಆದೇಶ ಮೀರಿದರಾ ಎಂದು ವಿಚಾರಣೆಯವರು ಕೇಳಿದರು. ಬಾಸ್ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಸರ್. ನಾನಿದ್ದದ್ದು ಎಸಿ ರೂಮಲ್ಲಿ, ಹೊಗೆ ಇದ್ದದ್ದು ಅಲ್ಲಿ. ದಾರಿ ಹೇಳೋದು ನನ್ನ ಕೆಲಸ, ಆರಿಸೋದು ಅವರದು. ಟ್ರ್ಯಾಕ್ಟರ್‌ಗೆ ಪರ್ಮಿಷನ್ ಕೊಟ್ಟಿದ್ದು ನಾನು. ಬರ್ಕೊಳ್ಳಿ."

ಟವರ್ ಏನು ಸಹಾಯ ಮಾಡಿತು ಎಂದು ನಿಧಾನಕ್ಕನನ್ನೂ ಕೇಳಿದರು. "ಅಷ್ಟು ಮಾತಾಡೋ ಹುಡುಗಿ... ಸುಮ್ಮನಿದ್ಲು. ಇನ್ನೇನು... ಬೇಕು?"

ಮನೆಗೆ ಬಂದ ಮೇಲೂ ಮಾತು ಹೊರಡಲಿಲ್ಲ. ಅತ್ತೆ ಹಣೆ ಮುಟ್ಟಿ ಜ್ವರ ನೋಡಿದರು.

ಏಪ್ರಿಲ್ 21, ಮಧ್ಯಾಹ್ನ

ಟ್ರ್ಯಾಕ್ಟರ್ ಬಿಟ್ಟದ್ದಕ್ಕೆ ನನಗೊಂದು ಎಚ್ಚರಿಕೆ ಪತ್ರ. ಬಾಸ್ ಮುಖ ಕೊಟ್ಟು ಮಾತಾಡುವುದಿಲ್ಲ. ಪರವಾಗಿಲ್ಲ. ನಿಧಾನಕ್ಕನ ಲೈಸೆನ್ಸ್ ಉಳಿಯಿತು! ಇವತ್ತು ಮತ್ತೆ ಹಾರುತ್ತಾರೆ. ಶಿಫ್ಟ್ ಬದಲಾಯಿಸಿಕೊಂಡು ಬಂದಿದ್ದೇನೆ. ಬ್ರೇಕ್ ರೂಮಿನಲ್ಲಿ ಗೀಚುತ್ತಿದ್ದೇನೆ. ಹೊರಗೆ ವಿಮಾನಗಳ ದೊಡ್ಡ ಕ್ಯೂ. ಕಾಯಲಿ. ಅವರಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಪ್ರಾಕ್ಟೀಸ್ ಮಾಡಿದ್ದೆ, ಒಂದೂ ನೆನಪಿಲ್ಲ.

ಗೋಡೆಯ ಸ್ಪೀಕರಿನಲ್ಲಿ ಬಂತು, ಅದೇ ದನಿ. "ಟವರ್... ನಮಸ್ಕಾರಮ್ಮಾ..." ಮೆಟ್ಟಿಲು ಹತ್ತಬೇಕು. ಎಷ್ಟು ನಿಧಾನ, ದೇವರೇ, ಎಷ್ಟು —