ಮಡಿಯ ಬಾವಿಗಿಳಿದ ಸ್ಪಂಜು

ಶಹಾಬಾದ
೨ ಡಿಸೆಂಬರ್ ೧೯೯೮

ಪ್ರೀತಿಯ ಹರಿಪ್ರಿಯಾಗೆ ಅಮ್ಮನ ಆಶೀರ್ವಾದ.

ಹೇಗಿದ್ದೀಯವ್ವಾ? ಹೈದರಾಬಾದಿನ ಹಾಸ್ಟೆಲ್ ಊಟ ಈಗಾದರೂ ಮೈಗೆ ಹತ್ತುತ್ತಿದೆಯೇ? ಲ್ಯಾಬಿನ ಹೊಗೆಯಲ್ಲಿ ಕೆಮ್ಮು ಹೆಚ್ಚಾಗಿಲ್ಲ ತಾನೇ? ನಾನು ಕಟ್ಟಿಕೊಟ್ಟ ಮೆಂತ್ಯದ ಹಿಟ್ಟನ್ನು ಗೆಳತಿಯರಿಗೆ ಹಂಚಿ ಮುಗಿಸಿರುತ್ತೀ, ನಿನ್ನ ಗುಣ ನನಗೆ ಗೊತ್ತಿಲ್ಲವೇ. ಈ ಪತ್ರವನ್ನು ಅಂಚೆಗೆ ಹಾಕುವ ಮುನ್ನ ನಿಮ್ಮಪ್ಪ ಓದುತ್ತಾರೆ, ವಿಳಾಸ ಬರೆಯುವವರು ಅವರೇ ಅಲ್ಲವೇ. ಹಾಗಾಗಿ ಮೊದಲು ಅವರ ಸುದ್ದಿ.

ನಮ್ಮ ಹಿತ್ತಲ ಬಾವಿಗೆ ಡೀಸೆಲ್ ಇಳಿದದ್ದನ್ನು ನೀನೇ ನೋಡಿದ್ದೀ. ಆಚೆಯ ಫರ್ಸಿ ಕಲ್ಲಿನ ಗಣಿಯಲ್ಲಿ ಡ್ರಮ್ಮು ಸೋರಿ, ಬಂಡೆಯ ಪದರುಗಳ ಸಂದಿಯಲ್ಲಿ ಹರಿದು ಬಂದು, ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತು. ಅಂದಿನಿಂದ ಹನುಮಪ್ಪನ ಗುಡಿಯ ಬಾವಿಯಿಂದ ಮಡಿನೀರು ಹೊತ್ತು ಹೊತ್ತು ನಿಮ್ಮಪ್ಪನ ಹೆಗಲು ಬಿದ್ದುಹೋಗಿತ್ತು. ನಲ್ಲಿಯ ನೀರನ್ನಂತೂ ಮುಟ್ಟುವವರಲ್ಲ, ಅದರಲ್ಲಿ ಚರ್ಮದ ವಾಷರ್ ಇರುತ್ತದಂತೆ. ನೀನೇ ಲ್ಯಾಬಿನಲ್ಲಿ ಮಾಡಿ, ದೀಪಾವಳಿಗೆ ಬಂದಾಗ ಬಿಟ್ಟುಹೋದ ಪಾಲಿಮರ್ ಸ್ಪಂಜನ್ನು ಕಳೆದ ವಾರ ಕೊನೆಗೂ ಹೊರತೆಗೆದರು. ಅದರ ಮೈತುಂಬ ಸಣ್ಣ ಸಣ್ಣ ತೂತು, ಎಣ್ಣೆಯನ್ನು ಹೀರುತ್ತದೆ, ನೀರನ್ನು ಒಲ್ಲೆ ಎನ್ನುತ್ತದೆ ಎಂದು ನೀನು ಹೇಳಿದಾಗ ಮೂಗಿಗೆ ತಪಕೀರಿನ ನಶ್ಯ ಏರಿಸುತ್ತಾ ನಕ್ಕವರು ಇವರೇ.

ಬಾವಿಗಿಳಿಸುವ ಮುನ್ನ ಸ್ಪಂಜನ್ನು ಶುದ್ಧ ಮಾಡಬೇಕಲ್ಲ! ಮಂತ್ರ ಹೇಳಿ ನೀರು ಚಿಮುಕಿಸಿದರು. ಹನಿಗಳೆಲ್ಲ ಉರುಳಿ ಕೆಳಗೆ ಬಿದ್ದವು, ಒಂದೂ ಒಳಗಿಳಿಯಲಿಲ್ಲ. ಬಾವಿ ಕೆಲಸಕ್ಕೆ ಕರೆಸಿದ್ದ ಮೌಲಾಲಿ ಕಿಸಕ್ಕನೆ ನಕ್ಕ. ನಿಮ್ಮಪ್ಪ ಮಾತ್ರ ಗಂಭೀರವಾಗಿ, "ನೀರೂ ಮುಟ್ಟಿಸಿಗೊಳ್ಳೂದಿಲ್ಲಂದ್ರ ಇದು ನಮಗಿಂತ ಭಾಳ ಮಡಿ ಅದ" ಎಂದರು. ಮೌಲಾಲಿ ಅದನ್ನು ಹಗ್ಗಕ್ಕೆ ಕಟ್ಟಿ ತೇಲಿಸಿ, ಎತ್ತಿ, ಡಬ್ಬಿಗೆ ಹಿಂಡಿ, ಮತ್ತೆ ಇಳಿಸಿದ. ಸಂಜೆಯ ಹೊತ್ತಿಗೆ ಪೊರೆ ಮಾಯ, ತಳದ ಕಲ್ಲು ಕಾಣುತ್ತಿತ್ತು. "ಆಚಾರ್ರೇ, ಮಗಳ ಮಾಲು ಜೋರ್ದಾರ್ ಅದರಿ! ಆದ್ರ ಕುಡಿಯಾಕ ಜರಾ ತಡೀರಿ" ಎಂದ. ನಿಮ್ಮಪ್ಪನ ಕಿವಿಗೆ ಮೊದಲಿನ ಮಾತಷ್ಟೇ ಬಿತ್ತು.

ಹೆಣ್ಣುಮಗಳಿಗೆ ಇಷ್ಟು ಓದು ಯಾಕೆ ಎಂದು ನಿನ್ನೊಡನೆ ಮಾತು ಬಿಟ್ಟಿದ್ದವರು ಈಗ ಗುಡಿಗೆ ಬಂದವರನ್ನೆಲ್ಲ ಕರೆತಂದು ಬಾವಿ ತೋರಿಸುತ್ತಾರೆ. "ನಮ್ಮ ಹರಿಪ್ರಿಯಾ ಮಾಡ್ಯಾಳ" ಎನ್ನುವಾಗ ಅವರ ಮುಖ ನೋಡಬೇಕು ನೀನು. ನನಗೆ ಅಳುವೇ ಬಂತು. ಈಗ ಪೂಜೆ, ಅಡುಗೆ, ಕುಡಿಯುವುದು ಎಲ್ಲ ಆ ನೀರಿನಲ್ಲೇ. ನಿನ್ನ ಅತ್ತಿಗೆ ಧನಶ್ರೀಗೆ ಆರನೇ ತಿಂಗಳಲ್ಲಿ ಮತ್ತೆ ವಾಂತಿ ಶುರುವಾಗಿದೆ, ಹೊಟ್ಟೆ ಉರಿಯುತ್ತದೆ ಎನ್ನುತ್ತಾಳೆ. ಬಸುರಿಯ ವಾಂತಿ ಬಿಡು ಎನ್ನುತ್ತಾರೆ ಇವರು. ಎರಡು ಹೆತ್ತವಳು ನಾನು, ಇವರಲ್ಲ. ಇದನ್ನು ಓದಿ ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ.

ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ಹೊತ್ತಿಗೆ ಸರಿಯಾಗಿ ಉಣ್ಣು. ರಾಯರು ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ಜಾನಕೀಬಾಯಿ

ತಾ.ಕ.: ನಿಮ್ಮಪ್ಪ ಓದಿ, ವಿಳಾಸ ಬರೆದಿಟ್ಟು ಸ್ನಾನಕ್ಕೆ ಹೋಗಿದ್ದಾರೆ. ಅವಸರದಲ್ಲಿ ಬರೆಯುತ್ತಿದ್ದೇನೆ. ದೇವರಿಗೆ ಅರ್ಪಿಸುವ ಮುನ್ನ ನೀರನ್ನಾಗಲಿ ಅಡುಗೆಯನ್ನಾಗಲಿ ನಾವು ಮೂಸಬಾರದು. ಇವರ ಮೂಗಂತೂ ತಪಕೀರಿನಿಂದ ಸತ್ತು ವರ್ಷಗಳಾದವು. ಇಂದು ಬೆಳಿಗ್ಗೆ ನಾನು ಮೂಸಿದೆ. ಅಷ್ಟು ತಿಳಿಯಾದ ನೀರು, ಡೀಸೆಲ್ ನಾತ! ಹೇಳಿದರೆ, "ಮಗಳ ಕೆಲಸಕ್ಕ ಹೆಸರು ಇಡಬ್ಯಾಡ" ಎಂದು ನನ್ನ ಮೇಲೇ ರೇಗಿದರು. ಸ್ಪಂಜು ಮೇಲೆ ತೇಲುವುದನ್ನಷ್ಟೇ ಹೀರುತ್ತದೆ, ನೀರಿನೊಳಗೆ ಕರಗಿದ್ದನ್ನಲ್ಲ ಎಂದು ನೀನು ಹೇಳಿದ್ದು ನನಗೆ ನೆನಪಿದೆ. ಈಗ ಇವರು ಕೇಳುವುದಾದರೆ ನಿನ್ನ ಮಾತನ್ನೇ. ಮುಚ್ಚುಮರೆ ಬೇಡ, ನನ್ನ ಸ್ಪಂಜು ಸೋತಿತು, ಆ ನೀರು ಕುಡಿಯಬೇಡಿ ಎಂದು ಅಪ್ಪನಿಗೇ ಬರೆ. ಇವರ ಬಾಯಲ್ಲಿ ನಿನ್ನ ಹೊಗಳಿಕೆ ಕೇಳಬೇಕೆಂದು ಇಷ್ಟು ವರ್ಷ ಕಾದ ನಾನೇ ಇದನ್ನು ಬೇಡುತ್ತಿದ್ದೇನೆ. ಧನಶ್ರೀಗೆ ಇಂದಿನಿಂದ ನಲ್ಲಿಯ ನೀರನ್ನೇ ಮಡಿಯ ತಂಬಿಗೆಯಲ್ಲಿ ತುಂಬಿ ಕದ್ದು ಕೊಡುತ್ತಿದ್ದೇನೆ. ನಿಮ್ಮಪ್ಪ ಮಾತ್ರ ತಮ್ಮ ನೀರನ್ನು ಆ ಬಾವಿಯಿಂದ ತಾವೇ ಸೇದಿ ಕುಡಿಯುತ್ತಾರೆ.